ಕೊನೆಯ ಪ್ಯಾರಾದಲ್ಲಿಟ್ಟ ಉತ್ತರ

1989ರ ಆಗಸ್ಟ್ ತಿಂಗಳಲ್ಲಿ ನಿಮ್ಮ ವಿರುದ್ಧ ಸುದ್ದಿ ಬರೆದವನು ನಾನು, ಡಾಕ್ಟರ್ ಅವರೇ. ಅದು ನಿಮಗೆ ಗೊತ್ತು. ಅದರಲ್ಲಿ ನಿಮ್ಮ ಉತ್ತರ ಬಾರದಂತೆ ನೋಡಿಕೊಂಡವನೂ ನಾನೇ. ಅದು ಗೊತ್ತಿಲ್ಲ.

ಆಗ ನಾನು ಚಿಕ್ಕೋಡಿಯಲ್ಲಿ ಒಂದು ಪತ್ರಿಕೆಯ ಬಾತ್ಮೀದಾರ. ನೀವು ಶಿರಗುಪ್ಪಿಯಿಂದಾಚೆಯ ಹಳ್ಳಿಯೊಂದರ ಸರಕಾರಿ ದವಾಖಾನೆಗೆ ಬಂದು ವರ್ಷವಾಗಿತ್ತು. ನೆಗಡಿ, ಮೈಕೈ ನೋವಿಗೆ ಸೂಜಿ ಮಾಡುತ್ತಿರಲಿಲ್ಲ. ಆ್ಯಂಟಿಬಯಾಟಿಕ್ ಬೇಕಾದವರಿಗಷ್ಟೇ ಕೊಡುತ್ತಿದ್ದಿರಿ, ಕೊಟ್ಟರೆ ಐದು ದಿನದ್ದು ಪೂರ್ತಿ. ನಿಮ್ಮ ಚೀಟಿ ಇಲ್ಲದೆ ಊರಿನ ಔಷಧದ ಅಂಗಡಿ ಅಂಥ ಗುಳಿಗೆ ಮಾರಬಾರದೆಂದು ಮಂಡಲ ಪಂಚಾಯತಿ ಠರಾವು ಮಾಡಬೇಕು — ಇದು ನಿಮ್ಮ ಬೇಡಿಕೆ. ಮುಂದಿನ ಸಭೆಯಲ್ಲಿ ಠರಾವು ಆಗುವುದಿತ್ತು.

ಆ ಅಂಗಡಿ ನನ್ನ ಅಕ್ಕನ ಗಂಡನದು. ಇದನ್ನೂ ನಿಮಗೆ ಹೇಳಿರಲಿಲ್ಲ.

"ಮಂದಿ ಎರಡ ಗುಳಿಗಿ ಕೇಳತಾರ, ಎರಡ ಕತ್ತರಿಸಿ ಕೊಡತೇನಿ," ಎಂದ ಅವನು. "ಆ ಡಾಕ್ಟರಬಾಯಿ ಊರಿಗೆಲ್ಲಾ ಸಾಲಿ ಕಲಸಾಕ ಬಂದಾಳೇನ? ನೀ ಒಂದ ನಾಕ ಸಾಲ ಬರಿಯಪಾ."

ದವಾಖಾನೆಗೆ ಬಂದೆ. ಜಗಲಿಯಲ್ಲಿ ಕೂತಿದ್ದ ಗಂಗವ್ವನನ್ನು ಮಾತಾಡಿಸಿದೆ. "ಸೂಜಿ ಮಾಡಂಗಿಲ್ಲಂದ್ರ ದವಾಖಾನಿ ಯಾಕ ಬೇಕ್ರಿ? ಬಿಸಿನೀರ ಕುಡಿ ಅನ್ನಾಕ ನಮ್ಮತ್ತಿ ಇದ್ದಳಲ್ರಿ!" ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಆಮೇಲೆ ಅವಳ ಪಕ್ಕದಲ್ಲೇ ಕೂತು ಹೇಳಿದಿರಿ: "ಹಿಂಗ ಎರಡೆರಡ ನುಂಗಿದ್ರ, ನಾಳೆ ಖರೇ ಬ್ಯಾನಿ ಬಂದಾಗ ಗುಳಿಗಿ ಕೆಲಸ ಮಾಡಂಗಿಲ್ಲ, ಗಂಗವ್ವ." ಅದನ್ನೇ ಒಂದು ಹಾಳೆಯಲ್ಲಿ ಬರೆದು ನನ್ನ ಕೈಗೆ ಕೊಟ್ಟಿರಿ. "ಇಷ್ಟರ ಹಾಕ್ರಿ."

ಸುದ್ದಿಯನ್ನು ಲಕೋಟೆಯಲ್ಲಿ ಹಾಕಿ ಸಂಜೆಯ ಬೆಳಗಾವಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು ನಮ್ಮ ಪದ್ಧತಿ. ಜಾಗ ಸಾಲದಿದ್ದರೆ ಅಲ್ಲಿನ ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು ಕೆಳಗಿನಿಂದ ಕತ್ತರಿಸುತ್ತಿದ್ದರು. ಎಷ್ಟು ಉಳಿಯುತ್ತದೆ ಎಂಬ ಅಂದಾಜು ನನಗಿತ್ತು. ಗಂಗವ್ವನ ಮಾತನ್ನು ಮೇಲಿಟ್ಟೆ. ಅದರ ಕೆಳಗೆ ಇನ್ನಿಬ್ಬರ ದೂರು. ಅದರ ಕೆಳಗೆ ದವಾಖಾನೆಯ ಹೆಂಚು ಸೋರುವ ವಿಷಯ — ಅದು ಬೇಕಿರಲಿಲ್ಲ, ಜಾಗ ತುಂಬಲು ಬರೆದೆ. ನಿಮ್ಮ ಉತ್ತರ ಕೊನೆಯ ಪ್ಯಾರಾದಲ್ಲಿ.

ಹೆಂಚಿನವರೆಗೆ ಅಚ್ಚಾಯಿತು.

ಸಭೆಯಲ್ಲಿ ಠರಾವು ಎತ್ತಿಕೊಳ್ಳಲೇ ಇಲ್ಲ. ಮೂರು ತಿಂಗಳಲ್ಲಿ ನಿಮಗೆ ವರ್ಗವಾಯಿತು. ಹೊರಟ ದಿನ ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಸಿಕ್ಕಿದಿರಿ.

"ನಾ ಹೇಳಿದ್ದ ನೀವು ಬರೆದ ಕಳಿಸಿದ್ರೇನ್ರಿ?"

"ಬರೆದ ಕಳಿಸಿದ್ದೆರಿ. ಡೆಸ್ಕಿನವರು ಕತ್ತರಿಸ್ಯಾರ."

"ಹೋಗಲಿ ಬಿಡ್ರಿ. ನೀವರ ಏನ ಮಾಡ್ತೀರಿ."

ನೀವು ನನ್ನನ್ನೇ ಸಮಾಧಾನ ಮಾಡಿದಿರಿ. ನಾನು ಹೇಳಿದ್ದರಲ್ಲಿ ಒಂದು ಶಬ್ದವೂ ಸುಳ್ಳಲ್ಲ — ಹತ್ತು ವರ್ಷ ಅದನ್ನೇ ಹಿಡಿದುಕೊಂಡು...

1996ರಲ್ಲಿ ಗಂಗವ್ವನಿಗೆ ಜ್ವರ ಬಂತು. ಅಂಗಡಿಯಿಂದ ಎರಡು ಗುಳಿಗೆ, ಮತ್ತೆ ಎರಡು. ಮೂರು ವಾರವಾದರೂ ಇಳಿಯದಾಗ ಮಗ ಮೀರಜಿನ ದೊಡ್ಡ ದವಾಖಾನೆಗೆ ಒಯ್ದ. ಅಲ್ಲಿ ಔಷಧ ಬದಲಿಸಿ ಬದಲಿಸಿ ನೋಡಿದರು. ಯಾವುದೂ ನಾಟುತ್ತಿಲ್ಲ ಎಂದು ಅವನಿಗೆ ಹೇಳಿದರಂತೆ. ಒಂಬತ್ತನೆಯ ದಿನ ತೀರಿಕೊಂಡಳು. ಅಕ್ಕ ಫೋನ್ ಮಾಡಿ ತಿಳಿಸಿದಾಗ ನಾನು ಕೇಳಿದ್ದು ಗಂಗವ್ವನ ವಯಸ್ಸು. ಬಾತ್ಮೀದಾರನ ರೂಢಿ. ಬೇರೇನೂ ಅನಿಸಲಿಲ್ಲ.

ನನ್ನ ಸುದ್ದಿಯಿಂದ ಹೀಗಾಯಿತು ಎಂದು ಬರೆಯಲು ಪುರಾವೆ ಇಲ್ಲ. ಆಗಲಿಲ್ಲ ಎಂದು ಬರೆಯಲೂ —

ನೀವು ಬರೆದುಕೊಟ್ಟ ಹಾಳೆ ನನ್ನ ಬಳಿಯೇ ಉಳಿದಿತ್ತು. ಇದರೊಂದಿಗೆ ಇಟ್ಟಿದ್ದೇನೆ. ಈ ಪತ್ರವನ್ನು ಯಾರಿಗೆ ಬೇಕಾದರೂ ತೋರಿಸಿ.

ಈಗ 1999. ಹೋದ ವಾರ ಆ ಊರಿಗೆ ಹೋಗಿದ್ದೆ. ಅಂಗಡಿಯಲ್ಲಿ ಅಕ್ಕನ ಗಂಡನ ಜೊತೆ ಕೂತಿದ್ದಾಗ ಗಂಗವ್ವನ ಸೊಸೆ ಬಂದು, ಮೈ ಬೆಚ್ಚಗಾಗೇತ್ರಿ ಎಂದಳು. ಅವನು ಚೀಟಿ ಕೇಳಲಿಲ್ಲ. ಎರಡು ಗುಳಿಗೆ ಕತ್ತರಿಸಿ ಕೊಟ್ಟ.