ಹೋಮ್ ಸೈನ್ಸ್ ಟೀಚರ್ ಕಲಿಸಿದ ಗಣಿತ

ತೊಂಬತ್ತರ ದಶಕದ ನಡುವೆ ನಾನು ಕತಾರಿನ ದೋಹಾದ ಒಂದು ಭಾರತೀಯ ಶಾಲೆಯಲ್ಲಿ ಹನ್ನೊಂದನೇ ಕ್ಲಾಸಿಗೆ ಹೋದಾಗ ಹುಡುಗಿಯರ ವಿಭಾಗದಲ್ಲಿ ಗಣಿತ ಇರಲಿಲ್ಲ. ಗೋಡೆಯಾಚೆ ಹುಡುಗರ ವಿಭಾಗದಲ್ಲಿ ಇತ್ತು. ಅವರಿಗೆ ಗಣಿತದ ಪಿರಿಯಡ್ ಇದ್ದಾಗ ನಮಗೆ ಹೋಮ್ ಸೈನ್ಸ್. ಅಡ್ಮಿಷನ್ ಫಾರ್ಮಿನಲ್ಲಿ ಅಚ್ಚಾಗಿದ್ದ ‘ಮ್ಯಾಥ್ಸ್’ ಎಂಬ ಪದದ ಮೇಲೆ ಆಫೀಸಿನವರು ಸ್ಕೇಲಿಟ್ಟು ಗೆರೆ ಎಳೆದಿದ್ದರು. ನಾನು ಅದರ ಕೆಳಗೆ, ಇನ್ನೂ ದೊಡ್ಡ ಅಕ್ಷರದಲ್ಲಿ, ಮ್ಯಾಥ್ಸ್ ಎಂದು ಬರೆದುಕೊಟ್ಟೆ.

ಎರಡೇ ದಿನದಲ್ಲಿ ಹೆಡ್‌ಮಿಸ್ಟ್ರೆಸ್ ನನ್ನ ಬಾಪನನ್ನು, ಅಂದರೆ ಅಪ್ಪನನ್ನು, ಕರೆಸಿದರು. ಬಾಪ ಉಳ್ಳಾಲದ ಕಡೆಯವರು. ದೋಹಾದ ಹೊರಗಿನ ಉಮ್ಮ್ ಸಲಾಲ್‌ನಲ್ಲಿ ಅವರದೊಂದು ನಲ್ಲಿ–ಪೈಪುಗಳ ಅಂಗಡಿ. ಮುಂಗೈಗೆ ಅಂಟಿದ್ದ ಪೈಪಿನ ಅಂಟನ್ನು ಉಜ್ಜಿಕೊಳ್ಳುತ್ತಲೇ ಬಂದು ಕೂತರು.

“ಇವಳಿಗೆ ಗಣಿತ ಕಲಿಸಲು ನಮ್ಮಲ್ಲಿ ಟೀಚರ್ ಇಲ್ಲ. ಐದು ಹುಡುಗಿಯರಾದರೂ ಕೇಳಿದರೆ ಯೋಚಿಸಬಹುದಿತ್ತು. ಒಬ್ಬಳಿಗಾಗಿ ಆಗುವುದಿಲ್ಲ” ಎಂದರು ಹೆಡ್‌ಮಿಸ್ಟ್ರೆಸ್.

ಬಾಪ ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಅವರು ಮ್ಯಾಥ್ಸ್ ಇಲ್ಲದ ಹೊಸ ಫಾರ್ಮಿಗೆ ಸಹಿ ಹಾಕಿ ಎದ್ದರು. ಗರಾಫಾದ ನಮ್ಮ ಮನೆಯವರೆಗೂ ನಾನು ಪಿಕಪ್ಪಿನ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

“ಅವರಲ್ಲಿ ಟೀಚರೇ ಇಲ್ಲದಿದ್ದರೆ ನಾನು ಎಂತ ಮಾಡ್ಲಿ, ಹೇಳು?” ಎಂದರು ಬಾಪ.

“ಹುಡುಗರಿಗೆ ಉಂಟಲ್ಲ? ನಮಗೆ ಮಾತ್ರ ಯಾಕೆ ಮಾಫಿ, ಯಾಕೆ ಇಲ್ಲ?”

ಬಾಪ ಗೇರ್ ಬದಲಿಸಿದರು.

ಇದು ಬರೀ ಹಟವಾಗಿರಲಿಲ್ಲ. ನಮ್ಮ ಫಿಸಿಕ್ಸ್ ಟೀಚರ್ ತಂಜಾವೂರಿನವರು, ಒಳ್ಳೆಯವರು. ಹಳೆಯ ಟಾರ್ಚು ಬಿಚ್ಚಿ ಕರೆಂಟ್ ಹರಿಯುವ ದಾರಿಯನ್ನು ಬೆರಳಲ್ಲಿ ತೋರಿಸುತ್ತಿದ್ದರು. ಆದರೆ ವೇಗದ ಸೂತ್ರ ಎಲ್ಲಿಂದ ಬಂತು ಎಂದು ಕೇಳಿದರೆ, “ಅದನ್ನು ಹುಡುಗರು ಮ್ಯಾಥ್ಸ್‌ನಲ್ಲಿ ಕಲೀತಾರೆ. ನೀವು ಬಾಯಿಪಾಠ ಮಾಡಿ” ಎನ್ನುತ್ತಿದ್ದರು. ಇತರರು ಬಾಯಿಪಾಠ ಮಾಡಿದರು. ನನಗೆ ಮೈ ಉರಿಯುತ್ತಿತ್ತು.

ಹೋಮ್ ಸೈನ್ಸ್ ಟೀಚರ್ ಕಾಪುವಿನ ಹತ್ತಿರದವರು, ತುಳು ಮಾತಾಡುವವರು. ವಯಸ್ಸು ಮೂವತ್ತೈದರ ಸುಮಾರು, ಮಾತು ಕಡಿಮೆ. ಅವರ ಕೋಣೆಯಲ್ಲಿ ಎರಡು ಗ್ಯಾಸ್ ಒಲೆ, ಮೂರು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು. ಪೌಷ್ಟಿಕ ಆಹಾರ, ಕಲೆ ತೆಗೆಯುವ ವಿಧಾನ, ಅಂಗಿಯ ಗುಂಡಿಗೆ ಕಾಜಾ ಹೊಲಿಯುವುದು – ಪಾಠಗಳನ್ನು ಅವರು ಪುಸ್ತಕ ನೋಡಿಕೊಂಡೇ ಮಾಡುತ್ತಿದ್ದರು. ನಾನು ಅವರ ಪಿರಿಯಡ್‌ನಲ್ಲಿ ಬೇಕೆಂದೇ ಗಣಿತ ಮಾಡುತ್ತಿದ್ದೆ. ಪಕ್ಕದ ಮನೆಯ ಹುಡುಗನ ಹಳೆಯ ಪುಸ್ತಕ ತೊಡೆಯ ಮೇಲೆ, ರೆಕಾರ್ಡ್ ಪುಸ್ತಕ ಮೇಜಿನ ಮೇಲೆ. ‘ಒಂದು ದಿನದ ಊಟದ ಯೋಜನೆ’ ಎಂಬ ತಲೆಬರಹದ ಕೆಳಗೆ ಎರಡು ಪುಟ ಬರೀ ಲೆಕ್ಕ.

ಒಂದು ದಿನ ಅವರು ನನ್ನ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಆಡುವಂತಿರಲಿಲ್ಲ. ಅವರು ಮೆಲ್ಲನೆ ಕನ್ನಡದಲ್ಲೇ ಕೇಳಿದರು.

“ನನ್ನ ಕ್ಲಾಸಲ್ಲಿ ಇದೆಲ್ಲ ಮಾಡ್ಲಿಕ್ಕೆ ನಾಚಿಕೆ ಆಗುದಿಲ್ವಾ ನಿನಗೆ?”

“ಇಲ್ಲ ಟೀಚರ್.”

ರೆಕಾರ್ಡ್ ಪುಸ್ತಕ ಹರಿಯುತ್ತಾರೆ ಎಂದು ಕಾದೆ. ಅವರು ನನ್ನ ಪೆನ್ಸಿಲ್ ತೆಗೆದುಕೊಂಡು ಮೂರನೆಯ ಸಾಲಿಗೆ ಸುತ್ತು ಹಾಕಿದರು. “ಇಲ್ಲಿ ಮೈನಸ್ ಬಿಟ್ಟಿದ್ದಿ. ಅಲ್ಲಿಂದ ಕೆಳಗೆ ಎಲ್ಲ ತಪ್ಪು.”

ಬೆಲ್ ಹೊಡೆದ ಮೇಲೂ ನಾನು ಕದಲಲಿಲ್ಲ. ನಿಮಗೆ ಇದು ಹೇಗೆ ಗೊತ್ತು ಎಂದು ಬಿಡದೆ ಕೇಳಿದೆ. ಅವರು ಗ್ಯಾಸಿನ ವಾಲ್ವ್ ತಿರುಗಿಸುತ್ತ ಹೇಳಿದರು: “ನಾನು ಎಂ.ಎಸ್ಸಿ. ಮ್ಯಾಥ್ಸ್ ಮಾರಾಯ್ತಿ. ಯಜಮಾನರ ಜೊತೆ ಇಲ್ಲಿಗೆ ಬಂದಾಗ ಈ ಒಂದು ಕೆಲಸ ಮಾತ್ರ ಖಾಲಿ ಇತ್ತು. ಮೊದಲ ವರ್ಷ ನನಗೆ ಕಾಜಾ ಹೊಲೀಲಿಕ್ಕೇ ಬರ್ತಿರಲಿಲ್ಲ.”

ಶಾಲೆಯಲ್ಲಿ ಇಲ್ಲವೆಂದಿದ್ದ ಗಣಿತದ ಟೀಚರ್ ಮೂರು ವರ್ಷಗಳಿಂದ ಅದೇ ಕಟ್ಟಡದಲ್ಲಿ ಹುಡುಗಿಯರಿಗೆ ಅಂಗಿಯ ಗುಂಡಿ ಹಾಕುವುದನ್ನು ಕಲಿಸುತ್ತಿದ್ದರು!

“ಹಾಗಾದ್ರೆ ನೀವೇ ಹೆಡ್‌ಮಿಸ್ಟ್ರೆಸ್‌ಗೆ ಹೇಳಿ ಟೀಚರ್.”

“ನನಗೆ ವರ್ಷ ವರ್ಷ ಕಾಂಟ್ರಾಕ್ಟ್. ಹೆಚ್ಚು ಮಾತಾಡಿದ್ರೆ ಖಲಾಸ್. ನೀನು ಹೋಗು ಈಗ.”

ನಾನು ಹೋದೆ. ಆದರೆ ಮಧ್ಯಾಹ್ನದ ಬಸ್ಸಿನಲ್ಲಿ ಸೀಟಿನಿಂದ ಸೀಟಿಗೆ ಹೋಗಿ ನಮ್ಮ ಕ್ಲಾಸಿನ ಹುಡುಗಿಯರನ್ನು ಮಾತಾಡಿಸಿದೆ. ಕೆಲವರು ನಕ್ಕರು. ಒಬ್ಬಳು, “ಮನೆಯಲ್ಲಿ ಕೇಳಿ ಹೇಳ್ತೇನೆ” ಎಂದಳು. ಎರಡು ವಾರ ಬೆನ್ನು ಹತ್ತಿ, ಗಣಿತ ಬೇಕೆಂಬ ಅರ್ಜಿಗೆ ನನ್ನದೂ ಸೇರಿ ಏಳು ಸಹಿ ಕೂಡಿಸಿದೆ. ಆ ಹಾಳೆಯನ್ನು ಮೊದಲು ತೋರಿಸಿದ್ದು ಹೋಮ್ ಸೈನ್ಸ್ ಟೀಚರಿಗೆ. ಅವರು ಓದಿ, ಮಡಚಿ, ವಾಪಸು ಕೊಟ್ಟರು. ನನಗೆ ಅಳು ಬಂತು. ಅವರ ಎದುರು ಅಳಲಿಲ್ಲ.

ಹಾಳೆ ಹಿಡಿದು ನಾವು ಏಳು ಜನ ಹೆಡ್‌ಮಿಸ್ಟ್ರೆಸ್ ಕೋಣೆಗೆ ಹೋದೆವು. ಅವರು ಕನ್ನಡಕ ತೆಗೆದರು.

“ನಿಮಗೆ ಯಾರು ಕಲಿಸುತ್ತಾರೆ? ನೀವೇ ಹೇಳಿ, ಯಾರು?”

“ನಾನು ಕಲಿಸ್ತೇನೆ ಮೇಡಂ” ಎಂಬ ಮಾತು ನಮ್ಮ ಬೆನ್ನ ಹಿಂದಿನಿಂದ ಬಂತು. ಟೀಚರ್ ಬಾಗಿಲಲ್ಲಿ ನಿಂತಿದ್ದರು. ಸೆರಗಿನಲ್ಲಿ ಕೈ ಒರೆಸುತ್ತಿದ್ದರು. ಕೈಗೆ ಹಿಟ್ಟು ಮೆತ್ತಿತ್ತು. ಹೆಡ್‌ಮಿಸ್ಟ್ರೆಸ್ ದಿಟ್ಟಿಸಿದರೂ ಅಲ್ಲಿಂದ ಕದಲಲಿಲ್ಲ.

ಹೆಡ್‌ಮಿಸ್ಟ್ರೆಸ್ ಒಪ್ಪಿದ್ದು ಶರತ್ತಿನ ಮೇಲೆ. ಗಣಿತ ಹೆಚ್ಚುವರಿಯಾಗಿ ಆರನೆಯ ವಿಷಯ. ಹೋಮ್ ಸೈನ್ಸ್ ಬಿಡುವಂತಿಲ್ಲ. ತರಗತಿ ಶಾಲೆಯ ಹೊತ್ತಿನ ಹೊರಗೆ. ಅಂದರೆ ಬೆಳಿಗ್ಗೆ ಆರಕ್ಕೆ. ಆ ಹೊತ್ತಿಗೆ ಶಾಲೆಯ ಬಸ್ಸಿಲ್ಲ. ನಾನು ಕೇಳುವ ಮೊದಲೇ ಬಾಪ, “ನಾನು ಬಿಡ್ತೇನೆ. ಅಂಗಡಿ ಸ್ವಲ್ಪ ತಡವಾಗಿ ತೆರೆದರೆ ಎಂತ ಆಗುದಿಲ್ಲ” ಎಂದರು. ಆವತ್ತು ಫಾರ್ಮಿಗೆ ಸಹಿ ಹಾಕಿದ್ದರ ಬಗ್ಗೆ ಅವರು ನನ್ನ ಬಳಿ ಬೇರೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ದಾರಿಯಲ್ಲಿ ಇನ್ನೂ ಇಬ್ಬರು ಹುಡುಗಿಯರನ್ನು ಹತ್ತಿಸಿಕೊಂಡು, “ಯಲ್ಲಾ, ಬೇಗ ಬೇಗ, ಲೇಟ್ ಆಯ್ತು” ಎಂದು ಪಿಕಪ್ ಓಡಿಸುತ್ತಿದ್ದರು.

ಹೋಮ್ ಸೈನ್ಸ್ ಕೋಣೆಯಲ್ಲಿ ಕರಿಹಲಗೆ ಚಿಕ್ಕದು. ಟೀಚರ್ ಬಟ್ಟೆ ಕತ್ತರಿಸುವ ಮಾದರಿಗೆಂದು ಇಟ್ಟಿದ್ದ ಕಂದು ಕಾಗದವನ್ನು ಮೇಜಿನ ಉದ್ದಕ್ಕೂ ಹಾಸಿ, ದರ್ಜಿಗಳ ಚಾಕ್‌ಪೀಸಿನಲ್ಲಿ ಗ್ರಾಫ್ ಬರೆಯುತ್ತಿದ್ದರು. ರವಿಕೆಯ ಕಂಕುಳಿಗೆ ಬಳಸುವ ಬಾಗಿದ ಸ್ಕೇಲು ಅಲ್ಲಿ ವಕ್ರರೇಖೆಗಳಿಗೆ ಬಳಕೆಯಾಯಿತು. ಗಣಿತಕ್ಕೆ ಅವರು ಪುಸ್ತಕ ನೋಡುತ್ತಲೇ ಇರಲಿಲ್ಲ. ಹಗಲಲ್ಲಿ ಮೆಲ್ಲಗೆ ಮಾತಾಡುವ ಅದೇ ಹೆಂಗಸು ಬೆಳಿಗ್ಗೆ ಆರಕ್ಕೆ ಮೇಜು ಕುಟ್ಟಿ, “ಯಾಕೆ? ಯಾಕೆ ಅಂತ ಹೇಳು, ಉತ್ತರ ಎಷ್ಟು ಅಂತ ಬೇಡ” ಎಂದು ಗದರುತ್ತಿದ್ದರು. ಆ ಚಳಿಗಾಲದಲ್ಲಿ ನಾನು ಫಿಸಿಕ್ಸಿನ ಸೂತ್ರ ಎಲ್ಲಿಂದ ಬಂತೆಂದು ಮೊದಲ ಸಲ ನನ್ನ ಕೈಯಲ್ಲೇ ಬರೆದು ಕಂಡೆ. ಅದನ್ನು ಫಿಸಿಕ್ಸ್ ಟೀಚರಿಗೂ ತೋರಿಸಿದೆ. ಅವರು ಸಂತೋಷದಿಂದಲೇ ನೋಡಿದರು.

ಏಳರಲ್ಲಿ ಇಬ್ಬರು ಬಿಟ್ಟರು. ಒಬ್ಬಳಿಗೆ ಮದುವೆ ಗೊತ್ತಾಯಿತು, ಇನ್ನೊಬ್ಬಳಿಗೆ ಸಾಕಾಯಿತು. ಐದು ಜನ ಬೋರ್ಡ್ ಪರೀಕ್ಷೆ ಬರೆದೆವು, ಐದೂ ಜನ ಪಾಸಾದೆವು. ಮರುವರ್ಷದಿಂದ ಹುಡುಗಿಯರ ವಿಭಾಗಕ್ಕೆ ಗಣಿತ ಬಂತು. ಕಲಿಸಲು ಊರಿನಿಂದ ಹೊಸಬರೊಬ್ಬರನ್ನು ಕರೆಸಿಕೊಂಡರು. ನಮ್ಮ ಟೀಚರನ್ನು ಹೊಲಿಗೆ ಯಂತ್ರಗಳ ಬಳಿಯೇ ಉಳಿಸಿದರು. ಅದು ಅನ್ಯಾಯ. ಆಗಲೂ ಹೆಡ್‌ಮಿಸ್ಟ್ರೆಸ್‌ಗೆ ಪತ್ರ ಬರೆದು ಹಾಗೆಂದೇ ಹೇಳಿದೆ, ಈಗಲೂ ಹೇಳುತ್ತೇನೆ. ಪತ್ರಕ್ಕೆ ಉತ್ತರ ಬರಲಿಲ್ಲ.

ಫಲಿತಾಂಶ ಬಂದ ವಾರ ಅಂಕಪಟ್ಟಿ ಹಿಡಿದು ಟೀಚರ ಮನೆಗೆ ಹೋದೆ. ಗಣಿತದಲ್ಲಿ ಎಂಬತ್ತೊಂದು. ಅವರು ಅದನ್ನು ದಾಟಿ ಕೆಳಗೆ ನೋಡಿದರು.

“ಹೋಮ್ ಸೈನ್ಸಲ್ಲಿ ಐವತ್ತೆರಡಾ? ನನ್ನ ಮರ್ಯಾದೆ ತೆಗೆದಿಯಲ್ಲ!”

“ಅದನ್ನು ನೀವು ಸರಿಯಾಗಿ ಕಲಿಸ್ಲಿಲ್ಲ ಟೀಚರ್” ಎಂದೆ.

ಒಳಗಿದ್ದ ಅವರ ಯಜಮಾನರು ಹೊರಬಂದು ನೋಡುವಷ್ಟು ಜೋರಾಗಿ ಟೀಚರ್ ನಕ್ಕರು.