ಅಕ್ಕನ ಮನೆಗೆ ಒಯ್ದ ಹೂವು

ನನ್ನ ಮದುವೆಗೆ ಹೂವು ನೋಡಲು ಅವ್ವ ನನ್ನನ್ನೂ ಕರೆದುಕೊಂಡು ಬಜಾರಕ್ಕೆ ಹೊರಟಾಗ ನನ್ನ ಕಂಕುಳಲ್ಲಿ ಅಕ್ಕನ ಕೂಸು ಇತ್ತು. ನನ್ನನ್ನು ಕೊಡುತ್ತಿದ್ದುದು ಆ ಕೂಸಿನ ತಂದೆಗೇ.

ಆಗ ನಿಜಾಮರ ಆಳಿಕೆ. ಕಲಬುರಗಿಯ ಗಂಜ್ ಪೇಟೆಯಲ್ಲಿ ಅಪ್ಪನಿಗೆ ಕಾಳಿನ ಅಂಗಡಿಯಿತ್ತು. ನಾವು ಇಬ್ಬರೇ ಹೆಣ್ಣುಮಕ್ಕಳು. ಅಕ್ಕನನ್ನು ಕಮಲಾಪುರದ ಒಕ್ಕಲುತನದ ಮನೆಗೆ ಕೊಟ್ಟಿದ್ದರು. ಹೊಲ, ಬಾಳೆಯ ತೋಟ, ಒಬ್ಬನೇ ಮಗ, ಸೊಸೆಯನ್ನು ಮಗಳಂತೆ ಕಾಣುವ ಅತ್ತೆ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಅಕ್ಕ ನಡುಮನೆಯ ಪಕ್ಕದ ಕೋಣೆಯಲ್ಲಿ ಹೆತ್ತಳು. ಕೆಲವೇ ದಿನಕ್ಕೆ ಜ್ವರ ಏರಿತು. ಹಕೀಮರೂ ಬಂದರು, ದವಾಖಾನೆಯ ಡಾಕ್ಟರೂ ಬಂದರು. ಜ್ವರ ಇಳಿಯಲಿಲ್ಲ. ಅದೇ ಕೋಣೆಯಲ್ಲಿ ಅವಳು ತೀರಿಕೊಂಡಳು.

ಅಂದಿನಿಂದ ಕೂಸು ನನ್ನದಾಯಿತು. ಆಡಿನ ಹಾಲಿನಲ್ಲಿ ಬತ್ತಿ ಅದ್ದಿ ಕುಡಿಸಿದವಳು ನಾನು. ಎದೆಯ ಮೇಲೆ ಮಲಗಿಸಿಕೊಂಡವಳು ನಾನು. ಅದಕ್ಕೆ ಮೊದಲು ಬಂದ ಮಾತು "ಅವ್ವಾ". ಅದನ್ನು ಅದು ನನ್ನ ಮುಖ ನೋಡಿ ಹೇಳಿತು. ಅವ್ವ ಅಲ್ಲಿಂದ ಎದ್ದು ಹಿತ್ತಲಿಗೆ ಹೋಗಿಬಿಟ್ಟಳು.

ವರ್ಷ ತುಂಬಿದ ಮೇಲೆ ಕಮಲಾಪುರದಿಂದ ಹಿರಿಯರು ಬಂದರು. ಕೂಸು ತಂದೆಯ ಮನೆ ಸೇರಬೇಕು ಎಂದರು. ಹುಡುಗನಿಗೆ ಇನ್ನೊಂದು ಮದುವೆ ಆಗಲೇಬೇಕು ಎಂದರು. ಆಮೇಲೆ ಒಬ್ಬರು ಮೆಲ್ಲಗೆ, "ಹೊರಗಿನಾಕಿ ಬಂದ್ರ ಕೂಸಿನ ಗತಿ ಏನ್ರೀ? ನಿಮ್ಮ ಸಣ್ಣಾಕೀನ ಕೊಟ್ಟುಬಿಡ್ರಿ" ಅಂದರು.

ಆ ಸಂಜೆ ಅಪ್ಪ ನನ್ನನ್ನು ಕರೆದು ಕೇಳಿದ. "ನೀ ಒಲ್ಲೆ ಅಂದ್ರ ನಾ ಯಾರಿಗೂ ಹೆದರೂದಿಲ್ಲವಾ. ಖರೇ ಹೇಳು."

"ಒಲ್ಲೆ ಅಂದ್ರ ಕೂಸು ಹೋಗ್ತದಲ್ಲಪ್ಪ" ಅಂದೆ. ಅಪ್ಪ ತಲೆ ತಗ್ಗಿಸಿದ. ನನಗೆ ಆಗ ಗಂಡ, ಮದುವೆ ಯಾವುದೂ ಕಣ್ಣಮುಂದೆ ಇರಲಿಲ್ಲ. ಕೂಸನ್ನು ಬಂಡಿಯಲ್ಲಿ ಕೂಡಿಸಿ ಕಳಿಸಿ ನಾನು ಬಾಗಿಲಲ್ಲಿ ನಿಂತಿರುವುದಷ್ಟೇ ಕಾಣುತ್ತಿತ್ತು.

ಮದುವೆ ಕಮಲಾಪುರದಲ್ಲಿ ಆಗಲಿ ಎಂದು ಅವ್ವ ಹಟ ಹಿಡಿದಳು. "ಇದೇ ಅಂಗಳದಾಗ ಇನ್ನೊಮ್ಮೆ ಹಂದರ ನಾ ನೋಡಲಾರೆ" ಅಂದಳು. ಆದರೆ ಹೂವು ಮಾತ್ರ ನಮ್ಮ ಕಡೆಯಿಂದಲೇ ಹೋಗಬೇಕು. ಬಂಡಿಯ ದಾರಿ ನಸುಕಿನಲ್ಲಿ ಹೊರಟರೆ ಸಂಜೆಗೆ ಮುಟ್ಟುವಷ್ಟು. ಮದುವೆ ಮಾರನೆಯ ಬೆಳಗ್ಗೆ. ಬೇಸಿಗೆಯ ಬಿಸಿಲಿಗೂ ಬಾಡದ ಹೂವು ಬೇಕಾಗಿತ್ತು.

ದರ್ಗಾದ ದಾರಿಯಲ್ಲಿ ಒಬ್ಬ ಮುದುಕ ಹೂವಿನವನ ಅಂಗಡಿ. ಅಕ್ಕನ ಮದುವೆಗೂ ಅವನೇ ಹೂವು ಕಟ್ಟಿದ್ದ. ಆಗ ಅಕ್ಕ ತಾನೇ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಇದು ಬೇಡ ಅದು ಕೊಡು ಎಂದು ಬುಟ್ಟಿಗಳನ್ನೆಲ್ಲ ಇಳಿಸಿದ್ದಳು. ಮಲ್ಲಿಗೆಯ ಮೊಗ್ಗು ಇಷ್ಟು ಉದ್ದ ಬೇಕು, ಜಡೆಗೆ ನಡುನಡುವೆ ಮರುಗ ಬೇಕು, ವರನ ಮುಖದ ಮುಂದೆ ಇಳಿಬಿಡುವ ಸೆಹ್ರಾಕ್ಕೆ ಗುಲಾಬಿ ಬೇಕು ಎಂದು ಅವನಿಗೆ ಸಾಕುಸಾಕು ಮಾಡಿದ್ದಳು. ಅವನಿಗೆ ಅದು ಚೆನ್ನಾಗಿ ನೆನಪಿತ್ತು. ನಮ್ಮನ್ನು ನೋಡಿದವನೇ ಮುಖವರಳಿಸಿದ.

"ಬರ್ರಿ ಅಮ್ಮಾ, ಬರ್ರಿ! ನಿಮ್ಮ ಹಿರೇ ಬೇಟಿ ಛಲೋ ಅದಾಳೇನ್ರೀ? ಈ ಕೂಸು ಆಕೀದೇನು? ಮಾಷಾ ಅಲ್ಲಾ!"

ಅವ್ವ ನನ್ನ ಕಡೆ ನೋಡಿದಳು. ನಾನೇ ಹೇಳಬೇಕಾಯಿತು. "ಅಕ್ಕ ತೀರಿಕೊಂಡಾಳ ಚಾಚಾ. ಇದನ್ನ ಹೆತ್ತು ಹೋಗ್ಯಾಳ."

ಅವನ ಕೈಯಲ್ಲಿದ್ದ ದಾರ ಹಾಗೆಯೇ ನಿಂತಿತು. "ಮತ್ತ ಈಗ ಶಾದಿ ಯಾರದವಾ?" ಅಂದ.

"ನಂದು."

"ವರ?"

"ಅವರೇ."

ಮುದುಕ ದಾರ ಬದಿಗಿಟ್ಟ. ಎದ್ದು ಒಳಗಿಂದ ನೀರು ತಂದು ಅವ್ವನಿಗೆ ಕೊಟ್ಟ. ಆಮೇಲೆ ಒಂದೊಂದೇ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿದ. ಮಲ್ಲಿಗೆ ಕಂಡೊಡನೆ ಅವ್ವ ಮುಖ ತಿರುಗಿಸಿ, "ಅದು ಬ್ಯಾಡ" ಅಂದಳು. ಗುಲಾಬಿ ತೋರಿಸಿದ. "ಅದೂ ಬ್ಯಾಡ." ಸಂಪಿಗೆ ತೋರಿಸಿದ. ಅಕ್ಕ ಸಂಪಿಗೆಯನ್ನು ಸೀರೆಗಳ ನಡುವೆ ಇಡುತ್ತಿದ್ದಳು, ಅವಳ ಪೆಟ್ಟಿಗೆಯಲ್ಲಿ ಇನ್ನೂ ಆ ವಾಸನೆ ಇತ್ತು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ವಾಸನಿ ಇಲ್ಲದ್ದು ಯಾವುದರೆ ಕೊಡ್ರಿ" ಅಂದಳು ಕೊನೆಗೆ. "ವಾಸನಿ ಒಂದು ಇರಬಾರದು, ಅಷ್ಟ."

ಮದುವೆಗೆ ವಾಸನೆಯಿಲ್ಲದ ಹೂವು ಕೇಳಿದವರನ್ನು ಆ ಮುದುಕ ಅಲ್ಲಿಯತನಕ ಕಂಡಿರಲಿಕ್ಕಿಲ್ಲ. ಅವನು ನನ್ನ ಕಡೆ ನೋಡಿದ. ನನಗೂ ಹದಿನಾರರ ವಯಸ್ಸು. ಅಕ್ಕನ ಜಡೆಯಲ್ಲಿ ಆ ಮಲ್ಲಿಗೆ ಕಂಡ ದಿನ, ನನ್ನ ಮದುವೆಗೂ ಹೀಗೆಯೇ ಬೇಕು ಎಂದು ಅವಳ ಬೆನ್ನಿಗೆ ಆತು ಹೇಳಿದ್ದೆ. "ಇದಕ್ಕಿಂತ ಛಲೋದು ನಾನ ಆರಿಸಿ ಕೊಡ್ತೀನಿ ತಡಿ" ಅಂದಿದ್ದಳು. ಅದನ್ನು ಯಾರ ಮುಂದೆ ಹೇಳುವುದು? "ಅಬ್ಬಲಿಗಿ ಕೊಡ್ರಿ ಚಾಚಾ" ಅಂದೆ. ಕೇಸರಿ ಬಣ್ಣದ ಆ ಹೂವಿಗೆ ವಾಸನೆ ಇಲ್ಲ, ಬೇಗ ಬಾಡುವುದೂ ಇಲ್ಲ. ಜಡೆಗೆ ಅಬ್ಬಲಿಗೆ, ಕೊರಳಿಗೆ ಅಬ್ಬಲಿಗೆ, ಹಂದರಕ್ಕೆ ಮಾವಿನ ಸೊಪ್ಪು ಸಾಕು ಎಂದಾಯಿತು.

"ಸೆಹ್ರಾ?" ಎಂದು ಅವನು ಕೇಳಿದ.

"ಬ್ಯಾಡ ಅಂತ ಅವರೇ ಹೇಳಿಕಳಿಸ್ಯಾರ" ಅಂದೆ. ಭಾವ ಅಪ್ಪನ ಕೈಯಲ್ಲಿ ಹೇಳಿಕಳಿಸಿದ್ದು ಅದೊಂದೇ ಮಾತು. ಹೂವಿನ ಎಳೆಗಳ ನಡುವಿನಿಂದ ಇನ್ನೊಮ್ಮೆ ಮದುಮಗಳ ಮುಖ ನೋಡಲು ತನ್ನಿಂದ ಆಗದು ಅಂದಿದ್ದರಂತೆ.

ನಸುಕಿನಲ್ಲಿ ಹೊರಟೆವು. ಹೂವಿನ ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ನನ್ನ ಕಾಲ ಬಳಿ ಇಟ್ಟಿದ್ದರು. ದಾರಿಯುದ್ದಕ್ಕೂ ಕೂಸು ಬಟ್ಟೆ ಎಳೆದು ಹೂವು ಕೀಳುವುದು, ನಾನು ಬಿಡಿಸುವುದು. ಅದು ನಗುತ್ತಿತ್ತು. ಹಿಂದೆ ಇದೇ ದಾರಿಯಲ್ಲಿ ಅಕ್ಕನನ್ನು ಕಳಿಸಿಬರಲು ಹೋಗಿದ್ದ ಅವ್ವ ದಾರಿಗೆ ಬೆನ್ನು ಮಾಡಿ ಕುಳಿತಿದ್ದಳು.

ಮಾರನೆಯ ಬೆಳಗ್ಗೆ ನನ್ನ ಜಡೆ ಹೆಣೆದು ಅಬ್ಬಲಿಗೆ ಮುಡಿಸಿದರು. ಅಕ್ಷತೆಗೆ ಇನ್ನೇನು ಕರೆಯಬೇಕು, ಅಷ್ಟರಲ್ಲಿ ಅಕ್ಕನ ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಅವರಿಗೆ ಕಣ್ಣು ಮಂಜಾಗಿತ್ತು. ಅವರ ಕೈಯಲ್ಲಿ ಬಾಳೆ ಎಲೆಯ ಪೊಟ್ಟಣ. ಬಿಚ್ಚುವ ಮೊದಲೇ ಕೋಣೆ ತುಂಬ ವಾಸನೆ ಹರಡಿತು.

"ನಮ್ಮ ಹಿತ್ತಲದಾಗಿನ ಮಲ್ಲಿಗಿ ಅದಾವ. ನಿಮ್ಮಕ್ಕ ಬಂದ ವರ್ಷ ತಾನ ಹಚ್ಚಿದ ಬಳ್ಳಿ. ಹೂ ಬಿಡೂದು ನೋಡಲಿಲ್ಲ ನನ್ನ ತಾಯಿ. ನೀ ಮುಡ್ಕೊಳವಾ" ಅಂದರು.

ಬಜಾರದಲ್ಲಿ ನಡೆದದ್ದು ಅವರಿಗೆ ಹೇಗೆ ಗೊತ್ತಿರಬೇಕು? ತಡಕಾಡಿ ನನ್ನ ಜಡೆ ಹಿಡಿದು, ಅಬ್ಬಲಿಗೆಯ ಮೇಲೆಯೇ ಆ ಮಲ್ಲಿಗೆಯ ದಂಡೆ ಸಿಕ್ಕಿಸಿದರು. ಅವ್ವ ಮೂಲೆಯಲ್ಲಿದ್ದಳು. ಎದ್ದು ನನ್ನ ಕಡೆ ಬಂದಳು. ಕಿತ್ತು ಎಸೆಯುತ್ತಾಳೆ ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ಅವ್ವ ನನ್ನ ಜಡೆಯಲ್ಲಿ ಮುಖವಿಟ್ಟು, "ನನ್ನ ಹಿರೇದೇ, ನನ್ನ ಹಿರೇದೇ" ಎಂದು ಅತ್ತಳು. ಅಕ್ಕ ತೀರಿಕೊಂಡ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ನಾನು ಮದುಮಗಳು, ಅಳಬಾರದು ಎಂದು ಯಾರೋ ಹೇಳುತ್ತಿದ್ದರು. ನಾನೂ ಅತ್ತುಬಿಟ್ಟೆ. ಹೊರಗೆ ವಾದ್ಯ ಬಾರಿಸುತ್ತಿದ್ದವರು ತಾವೇ ನಿಲ್ಲಿಸಿದರು.

ಮದುವೆಯಾದ ಮೇಲೂ ನನ್ನ ಬಾಯಿಗೆ ಬರುತ್ತಿದ್ದುದು "ಭಾವ" ಎಂಬ ಮಾತೇ. ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನಾನು ಕೂಸಿನೊಂದಿಗೆ ಒಳಗೆ ಮಲಗುತ್ತಿದ್ದೆ, ಅವರು ಪಡಸಾಲೆಯಲ್ಲಿ. ತೋಟದಿಂದ ಕೆಂಪು ಬಾಳೆಹಣ್ಣು ತಂದು, ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹಿಸುಕಿ ತಿನ್ನಿಸುವರು. ಅಷ್ಟು ಹೊತ್ತು ನಮ್ಮಿಬ್ಬರ ನಡುವೆ ಮಾತಿರುತ್ತಿತ್ತು, ಅದೂ ಕೂಸಿನ ಮಾತು.

ಮಳೆಗಾಲ ಹಿಡಿದ ಮೇಲೆ ಕೂಸಿಗೆ ವಾಂತಿ ಭೇದಿ ಶುರುವಾಯಿತು. ಊರಿನ ಯಾವ ಔಷಧಕ್ಕೂ ನಿಲ್ಲಲಿಲ್ಲ. ಕಲಬುರಗಿಯ ದವಾಖಾನೆಗೆ ಒಯ್ಯೋಣವೆಂದು ಅವರು ಬಂಡಿ ಹೂಡಿದರು. ಊರ ಹೊರಗಿನ ಹಳ್ಳ ತುಂಬಿ ಹರಿಯುತ್ತಿತ್ತು. ನೀರು ಇಳಿಯಲಿ ಎಂದು ದಂಡೆಯಲ್ಲಿ ಕಾದೆವು. ಕೂಸು ನನ್ನ ಬೆರಳು ಹಿಡಿದುಕೊಂಡಿತ್ತು. ಹಿಡಿತ ಸಡಿಲಾದದ್ದು ನನಗೆ ಗೊತ್ತಾಯಿತು. ಆದರೂ ನಾನು ಹೇಳಲಿಲ್ಲ. ಅವರು ಹಳ್ಳದ ಕಡೆ ನೋಡುತ್ತ, "ಇಳಿಯಾಕತ್ತದ, ಇನ್ನೊಂದು ಸ್ವಲ್ಪ ತಡಿ" ಅನ್ನುತ್ತಿದ್ದರು.

ಸುದ್ದಿ ಮುಟ್ಟಿದ ಮೇಲೆ ಅಪ್ಪ ಬಂಡಿ ತಂದ. "ನಡಿಯವಾ, ಸ್ವಲ್ಪ ದಿನ ಇದ್ದು ಬರೂವಂತಿ" ಅಂದ. ಇದ್ದು ಬರುವ ಮಾತು ಅದಲ್ಲ ಎಂದು ಎಲ್ಲರಿಗೂ ತಿಳಿದಿತ್ತು. ಅವರು ನನ್ನ ಗಂಟು ತಾವೇ ತಂದು ಕಟ್ಟೆಯ ಮೇಲಿಟ್ಟರು.

"ನೀ ಬಂದಿದ್ದು ಕೂಸಿನ ಸಲುವಾಗಿ" ಅಂದರು. "ಈಗ ಇರು ಅಂತ ನಾ ಯಾವ ಬಾಯಿಲೆ ಹೇಳ್ಲಿ?"

"ಅಲ್ಲಿ ಹೋದ್ರ ನಾ ಯಾರ ಮುಂದ ಅಳ್ಲಿ?" ಅಂದೆ. "ಅದು ಹೆಂಗ ನಗ್ತಿತ್ತು ಅನ್ನೂದು ನಿಮಗ ಗೊತ್ತದ. ಬ್ಯಾರೆ ಯಾರಿಗೆ ಗೊತ್ತದ?"

ಅವರು ಕಟ್ಟೆಯ ಮೇಲೆ ಕುಸಿದು ಕುಳಿತರು. ಅಪ್ಪ ಎತ್ತುಗಳಿಗೆ ನೀರು ಕುಡಿಸಿ, ಖಾಲಿ ಬಂಡಿ ಹೊಡೆದುಕೊಂಡು ಹೋದ. ನಾನು ಗಂಟು ಒಳಗೊಯ್ದು ಒಲೆ ಹಚ್ಚಿದೆ. ಅತ್ತೆ ಎರಡು ದಿನದಿಂದ ಉಂಡಿರಲಿಲ್ಲ.

ಮುಂದೆ ಪಡಸಾಲೆಯ ಹಾಸಿಗೆ ಒಳಗೆ ಬಂತು. ನಾನು ಬಸುರಾಗಿ ದಿನ ತುಂಬುತ್ತ ಬಂದಾಗ ತವರಿನಿಂದ ಕರೆ ಬರಲಿಲ್ಲ. ಊರವರು ಆಡಿಕೊಂಡರು. ಒಂದು ದಿನ ಅವ್ವನೇ ಬಂದಿಳಿದಳು. "ಆ ಮನ್ಯಾಗ ಬ್ಯಾಡ. ಇಲ್ಲೇ ಹಡಿ, ನಾ ಇರ್ತೀನಿ" ಅಂದಳು. ನನ್ನ ಹತ್ತಿರವೇ ಉಳಿದಳು. ಒಂದು ಮುಂಜಾನೆ ಹೆರಿಗೆಯಾಯಿತು. ದಣಿವಿನಿಂದ ಜೊಂಪು ಹತ್ತಿ ಮತ್ತೆ ಕಣ್ಣು ತೆರೆದಾಗ ಅವ್ವ ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಿದ್ದಳು. ಇರಲಿಲ್ಲ. ಕೂಸನ್ನು ನೋಡು ಎಂದು ಅತ್ತೆ ಹೇಳಿದರು, ಎಲ್ಲರೂ ಹೇಳಿದರು. ಆಮೇಲೆ ನೋಡುತ್ತೇನೆ ಎಂದು ಅವ್ವ ಸಂಜೆಯವರೆಗೂ ಆ ಕೈಯನ್ನು ನನ್ನ ಹಣೆಯ ಮೇಲಿಂದ ತೆಗೆಯಲಿಲ್ಲ.