ಖಾಲಿ ಬಿಟ್ಟ ವೃತ್ತ

ಅವಳು ಪುಕ್ಕಲಿ. ನಲವತ್ತೆರಡು ವರ್ಷದಲ್ಲಿ ಒಬ್ಬರಿಗೂ ಎದುರಾಡಿದವಳಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರ ಪೈಕಿ.

ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿ. ಭಾನುವಾರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಪಠ್ಯಪುಸ್ತಕದ ಗೊಡವೆಯಿಲ್ಲದೆ, ಮಕ್ಕಳಿಗೆ ಆನುವಂಶಿಕತೆ ಕಲಿಸುತ್ತಾಳೆ. ಬಾಳೆಹಣ್ಣು ಕಿವುಚಿ, ಉಪ್ಪು ಮತ್ತು ಪಾತ್ರೆ ತೊಳೆಯುವ ಸೋಪಿನ ನೀರು ಬೆರೆಸಿ, ಸೋಸಿ, ತಣ್ಣನೆಯ ಸ್ಪಿರಿಟ್ ಸುರಿದರೆ ಡಿಎನ್‌ಎ ಬಿಳಿ ಎಳೆಯಾಗಿ ಮೇಲೇಳುತ್ತದೆ. ಹಾಗಾಗಿ ಮಕ್ಕಳಿಗೆ ಅವಳು ಬಾಳೆಹಣ್ಣಕ್ಕ.

ಇರುವುದು ಅಣ್ಣನ ಮನೆಯಲ್ಲಿ. ಮಹಡಿಯ ಕೋಣೆಯಲ್ಲಿ ತಾಯಿ. ಕೈಕಾಲು ತಮ್ಮಷ್ಟಕ್ಕೆ ಕುಣಿಯುತ್ತವೆ, ನಾಲಿಗೆ ಹೊರಳುವುದಿಲ್ಲ. ಬಾಗಿಲಿಗೆ ಹೊರಗಿನಿಂದ ಚಿಲಕ, ಕಿಟಕಿ ಸದಾ ಮುಚ್ಚಿರುತ್ತದೆ. ಈ ಕಾಯಿಲೆ ಆಕೆಯ ಪ್ರತಿ ಮಗುವಿಗೂ ನಡುವಯಸ್ಸಿನಲ್ಲಿ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದು ವೈದ್ಯರು ಹೇಳಿ ಆರು ವರ್ಷವಾಯಿತು.

"ವಯಸ್ಸಿನ ನಡುಕ, ಅಷ್ಟೇ," ಎಂದಿದ್ದ ಅಣ್ಣ ಅಂದು. "ನನ್ನ ಮಗಳ ಕಿವಿಗೆ ಬೇರೆ ಏನಾದ್ರೂ ಬಿತ್ತೋ, ನಿನ್ನ ಗಂಟುಮೂಟೆ ಬೀದೀಲಿರುತ್ತೆ."

"ಆಯ್ತಣ್ಣ."

ಅಂದಿನಿಂದ ಊಟಕ್ಕೆ ಕುಳಿತಾಗ ಅವಳು ಲೋಟ ಹಿಡಿದ ಅಣ್ಣನ ಕೈ ನೋಡುತ್ತಾಳೆ, ಅಣ್ಣ ಅವಳದನ್ನು.

ಅಣ್ಣನ ಮಗಳಿಗೆ ಈಗ ಹದಿನೇಳು. ಈ ತಿಂಗಳು ಹಟ ಹಿಡಿದು ಭಾನುವಾರದ ಪಾಠಕ್ಕೆ ಸೇರಿದಳು. ಅಂದಿನ ಪಾಠ ವಂಶನಕ್ಷೆ: ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಕಾಯಿಲೆಯಿದ್ದರೆ ಕಪ್ಪು. ಬಾಳೆಹಣ್ಣಕ್ಕ ಎಂದಿನಂತೆ ಎಲ್ಲೂ ಇಲ್ಲದ ಕುಟುಂಬವೊಂದನ್ನು ಹಲಗೆಯ ಮೇಲೆ ಬರೆದಳು.

"ನಮ್ಮಪ್ಪನ ಸೋಮಾರಿತನಕ್ಕೂ ಕಪ್ಪು ಬಳೀಬಹುದಾ ಅಕ್ಕ?" ಎಂದ ಹಿಂದಿನ ಬೆಂಚಿನವನು.

"ಬಳಿಯಪ್ಪ. ನಿನ್ನ ಚೌಕಾನೂ ಮರೀಬೇಡ."

ಎಲ್ಲರೂ ನಕ್ಕರು, ಅಣ್ಣನ ಮಗಳೊಬ್ಬಳನ್ನು ಬಿಟ್ಟು. ಹಲಗೆಯದನ್ನು ಬಿಟ್ಟು ಅವಳು ಪುಸ್ತಕದಲ್ಲಿ ಬರೆದದ್ದು ತನ್ನದೇ ಮನೆಯವರ ನಕ್ಷೆ. ಅಜ್ಜಿಯ ವೃತ್ತ ಖಾಲಿಯಿತ್ತು.

"ಇದು ಸರಿನಾ ಅತ್ತೆ? ವಯಸ್ಸಾದ್ರೆ ಎಲ್ರಿಗೂ ಹಂಗೇ ಅಂತಾರೆ ಅಪ್ಪ. ಎದುರುಮನೆ ಅಜ್ಜಿಗೆ ತೊಂಬತ್ತು, ಇನ್ನೂ ಸೂಜಿಗೆ ದಾರ ಪೋಣಿಸ್ತಾರಲ್ಲ?"

ಸರಿ ಎಂದು ಗುರುತು ಹಾಕಿ ಮುಂದಿನ ಮೇಜಿಗೆ ಹೋದರೆ ಮುಗಿಯುತ್ತಿತ್ತು. ಮಲಗಲು ಕೋಣೆಯಾದರೂ ಉಳಿಯುತ್ತಿತ್ತು.

ಬಾಳೆಹಣ್ಣಕ್ಕ ಹುಡುಗಿಯ ಕೈಯಿಂದ ಪೆನ್ಸಿಲ್ ತೆಗೆದುಕೊಂಡಳು. ಅಜ್ಜಿಯ ವೃತ್ತವನ್ನು ಅಂಚಿನವರೆಗೂ ಕಪ್ಪಾಗಿಸಿದಳು. ಕೆಳಗೆ ಅಣ್ಣನ ಚೌಕದಲ್ಲೊಂದು, ತನ್ನ ವೃತ್ತದಲ್ಲೊಂದು ಪ್ರಶ್ನೆಯ ಗುರುತು ಹಾಕಿದಳು. ಹುಡುಗಿಯ ವೃತ್ತವನ್ನು ಮುಟ್ಟಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು.

"ಕೇಳು," ಎಂದಳು.